ಒಂಟಿಹಾದಿಯಲ್ಲಿ ಇಬ್ಬರು ಸವಾರರು

ಬೀದರ ಕೋಟೆಯ ಉತ್ತರದಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಎರಡು ಬಗೆಯ ನೆಲ ಒಮ್ಮೆಗೇ ಕಾಣಸಿಗುತ್ತದೆ. ಕಾಲಡಿಯಲ್ಲಿರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿ. ಕೆಳಗೆ ಹರಡಿರುವುದು ಮಾಂಜರಾ ನದಿಯ ಕಡೆಗೆ ಸಾಗುವ ಬಯಲು. ಔರಾದ, ಭಾಲ್ಕಿಗಳ ಎರೆಭೂಮಿ ಇರುವುದು ಆ ದಿಕ್ಕಿನಲ್ಲಿಯೇ. ಮೇಲಿನ ನೆಲದಿಂದ ಕೆಳಗಿನ ನೆಲಕ್ಕೆ ಇಳಿಯುವ ಕಾಲುದಾರಿಗಳು ಹಲವುಂಟು. ದನಗಳ ಗೊರಸು, ಕುರಿಗಾರರ ಕೆರವು, ಶಾಲೆಗೆ ಹೋಗುವ ಮಕ್ಕಳ ಪಾದ ಇವು ತುಳಿದು ತುಳಿದು ಮಾಡಿದ ದಾರಿಗಳಿವು. ಅಗಲ ಒಂದು ಅಡಿ, ಹೆಚ್ಚೆಂದರೆ ಒಂದೂವರೆ ಅಡಿ. ಒಬ್ಬನು ನಡೆಯಬಹುದು, ಒಬ್ಬನು ಸೈಕಲ್ಲಿನ ಮೇಲೆ ಸಾಗಬಹುದು. ಇಬ್ಬರು ಬಂದಾಗಲೇ ತೊಡಕು ಹುಟ್ಟುವುದು.

ಇಂಥ ದಾರಿಯಲ್ಲಿ ಸವಾರಿ ಮಾಡುವುದೇ ಇಂದು ಒಂದು ಕ್ರೀಡೆಯಾಗಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಟಮಾಲ್ಪೈಸ್ ಬೆಟ್ಟದ ಇಳಿಜಾರುಗಳಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಓಡಿಸತೊಡಗಿದರು. ಅದರಿಂದ ಮೌಂಟನ್ ಬೈಕು ಹುಟ್ಟಿತು. 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡೆಗಳಲ್ಲಿ ಅದರ ಪಂದ್ಯಕ್ಕೂ ಸ್ಥಾನ ದೊರೆಯಿತು. ಆದರೆ ನಮ್ಮ ಹಳ್ಳಿಯ ಹುಡುಗನು ಸಾಮಾನ್ಯ ಸೈಕಲ್ಲಿನ ಮೇಲೆ, ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಈ ವಿದ್ಯೆಯನ್ನು ಬಹುಕಾಲದಿಂದ ಅಭ್ಯಾಸ ಮಾಡುತ್ತಲೇ ಇದ್ದಾನೆ. ಅವನಿಗೆ ಪದಕವಿಲ್ಲ, ಅಷ್ಟೆ.

ನಾನು ಕಾಲೇಜಿನಲ್ಲಿದ್ದಾಗ, ವಾರ್ಷಿಕ ಪರೀಕ್ಷೆಗೆ ಎರಡು ವಾರವಿರುವಾಗ, ಭಾಲ್ಕಿಯ ಕಡೆಯ ಹೊಲವೊಂದರ ಬದುವಿನ ಮೇಲೆ ಗೆಳೆಯನನ್ನು ಹಿಂದೆ ಹಾಕಲು ಹೋದೆನು. ಕೂಗಲಿಲ್ಲ, ಗಂಟೆ ಬಾರಿಸಲಿಲ್ಲ. ನನ್ನ ಮುಂಗಾಲಿಯು ಅವನ ಹಿಂಗಾಲಿಯ ಪಕ್ಕಕ್ಕೆ ಬಂದಿತ್ತು. ಅಷ್ಟರಲ್ಲಿ ಅವನು ಕಲ್ಲೊಂದನ್ನು ತಪ್ಪಿಸಲು ಬಲಕ್ಕೆ ಸರಿದನು. ಗಾಲಿಗೆ ಗಾಲಿ ತಾಕಿತು. ವಿಚಿತ್ರವೆಂದರೆ, ಅವನಿಗೆ ಏನೂ ಆಗಲಿಲ್ಲ. ಅವನು ಹತ್ತು ಮಾರು ಮುಂದೆ ಹೋಗಿ ತಿರುಗಿ ನೋಡಿದನು. ನಾನು ಬದುವಿನ ಕೆಳಗೆ ಬಿದ್ದಿದ್ದೆನು. ಬಲಗೈಯ ಮಣಿಕಟ್ಟು ಮುರಿದಿತ್ತು. ಆ ವರ್ಷದ ಉತ್ತರ ಪತ್ರಿಕೆಗಳನ್ನು ನಾನು ಹೇಳಿ ಇನ್ನೊಬ್ಬ ಹುಡುಗನ ಕೈಯಿಂದ ಬರೆಯಿಸಬೇಕಾಯಿತು. ತಾಕಿದವರು ಇಬ್ಬರಾದರೂ ಬಿದ್ದವನು ಹಿಂದಿನವನೊಬ್ಬನೇ ಏಕೆ ಎಂಬ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಕೆಲವು ವರ್ಷಗಳೇ ಹಿಡಿದವು.

ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಆಡುವ ಹುಡುಗನನ್ನು ನೀವು ನೋಡಿರಬಹುದು. ಕೋಲು ಯಾವ ಕಡೆಗೆ ವಾಲುವುದೋ ಆ ಕಡೆಗೇ ಅವನು ಕೈಯನ್ನು ಒಯ್ಯುತ್ತಾನೆ. ಸೈಕಲ್ ಸವಾರನು ಮಾಡುವುದೂ ಇದನ್ನೇ. ಬಲಕ್ಕೆ ವಾಲಿದರೆ ಮುಂಗಾಲಿಯು ಬಲಕ್ಕೆ ತಿರುಗಿ, ಗಾಲಿಗಳು ಮತ್ತೆ ಅವನ ದೇಹದ ಭಾರದ ಕೆಳಗೆ ಬಂದು ನಿಲ್ಲುತ್ತವೆ. ತಿರುಗುವ ಗಾಲಿಗಳು ಬುಗುರಿಯಂತೆ ವರ್ತಿಸುವುದರಿಂದಲೇ ಸೈಕಲ್ಲು ಬೀಳುವುದಿಲ್ಲವೆಂದು ಬಹುಕಾಲ ಹಲವರು ನಂಬಿದ್ದರು. 2011ರಲ್ಲಿ ನೆದರ್ಲೆಂಡಿನ ಮತ್ತು ಅಮೆರಿಕದ ವಿಜ್ಞಾನಿಗಳು, ಬುಗುರಿಯ ಗುಣವನ್ನು ಅಳಿಸಿಹಾಕಲೆಂದು ವಿರುದ್ಧ ದಿಕ್ಕಿಗೆ ತಿರುಗುವ ಗಾಲಿಗಳನ್ನು ಜೋಡಿಸಿದ ದ್ವಿಚಕ್ರವೊಂದನ್ನು ನಿರ್ಮಿಸಿದರು. ಸವಾರನಿಲ್ಲದೆ ತಳ್ಳಿಬಿಟ್ಟರೂ ಅದು ತಕ್ಕ ವೇಗದಲ್ಲಿ ತಾನೇ ನೆಟ್ಟಗೆ ಸಾಗಿತು. ಬೀಳುವ ಕಡೆಗೆ ಹ್ಯಾಂಡಲು ತಾನಾಗಿ ತಿರುಗುವಂತಿದ್ದುದೇ ಇದಕ್ಕೆ ಕಾರಣ.

ಈಗ ನನ್ನ ಮಣಿಕಟ್ಟಿನ ಕಥೆಗೆ ಬರೋಣ. ಮುಂದಿನವನಿಗೆ ತಾಕಿದ್ದು ಹಿಂಗಾಲಿ. ಅದು ದಿಕ್ಕು ತಿರುಗಿಸುವ ಗಾಲಿಯಲ್ಲ. ಅವನ ಹ್ಯಾಂಡಲು ಸ್ವತಂತ್ರವಾಗಿಯೇ ಇತ್ತು. ನನಗೆ ತಾಕಿದ್ದು ಮುಂಗಾಲಿ. ನಾನು ಎಡಕ್ಕೆ ವಾಲತೊಡಗಿದಾಗ ಅದನ್ನು ಎಡಕ್ಕೆ ತಿರುಗಿಸಬೇಕಾಗಿತ್ತು. ಎಡಕ್ಕೆ ಅವನ ಗಾಲಿ ಅಡ್ಡವಾಗಿತ್ತು. ಕೋಲಾಡಿಸುವ ಹುಡುಗನ ಕೈಯನ್ನು ಕಟ್ಟಿಹಾಕಿದಂತಾಯಿತು.

ಇದರಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಬಲಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ವಾಲಬೇಕು. ಹಾಗೆ ವಾಲಲು ಮುಂಗಾಲಿಯನ್ನು ಒಂದು ಕ್ಷಣ ಎಡಕ್ಕೆ ಸರಿಸಬೇಕು. ನಾವೆಲ್ಲರೂ ತಿಳಿಯದೆಯೇ ಹೀಗೆ ಮಾಡುತ್ತೇವೆ. ಎರೆಭೂಮಿಯಲ್ಲಿ ಮಳೆಗಾಲದ ಗಾಡಿಜಾಡು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುವುದಷ್ಟೆ. ಆ ಜಾಡಿನೊಳಗೆ ಸಾಗುವವನ ಗಾಲಿಗೆ ಎಡಬಲಗಳೆರಡರಲ್ಲಿಯೂ ಗೋಡೆ. ಎಡಕ್ಕೆ ಸರಿಯಲಾರದವನು ಬಲಕ್ಕೂ ತಿರುಗಲಾರನು. ಜಾಡಿನಲ್ಲಿರುವವನನ್ನು ಕುರಿತು “ಸರಿ, ಸರಿ” ಎಂದು ಹಿಂದಿನಿಂದ ಕೂಗುವುದು ಅವನನ್ನು ಬೀಳಿಸುವ ಹಂಚಿಕೆಯೇ ಸರಿ. ಏರುದಾರಿಯಲ್ಲಿ ನಿಧಾನವಾಗಿ ಹೋಗುವವನ ಸ್ಥಿತಿಯೂ ಇಂಥದೇ. ವೇಗ ಕಡಮೆಯಾದಷ್ಟೂ ಸಮತೋಲಕ್ಕಾಗಿ ಹ್ಯಾಂಡಲನ್ನು ಹೆಚ್ಚು ಹೆಚ್ಚಾಗಿ ತಿರುವಬೇಕಾಗುವುದು. ಸೈಕಲ್ಲು ಹಾವಿನಂತೆ ಹೊರಳುವುದು. ನಿಧಾನಿಗೆ ಹೆಚ್ಚು ಅಗಲ ಬೇಕು.

ಹಿಂದೆ ಹಾಕಲು ಎಷ್ಟು ಜಾಗ ಬೇಕು? ಲೆಕ್ಕ ಮಾಡಿ ನೋಡೋಣ. ಸೈಕಲ್ಲಿನ ಉದ್ದ 1.8 ಮೀಟರು. ಹಿಂದಿನವನು 2 ಮೀಟರು ಅಂತರದಿಂದ ಹೊರಟು, ದಾಟಿದ ಮೇಲೆ 2 ಮೀಟರು ಅಂತರ ಬಿಟ್ಟು ದಾರಿಗೆ ಮರಳಲಿ. ಅವನು ಗಳಿಸಬೇಕಾದ ದೂರ ಒಟ್ಟು 7.6 ಮೀಟರು. ಮುಂದಿನವನ ವೇಗ ಗಂಟೆಗೆ 10 ಕಿಲೋಮೀಟರು, ಹಿಂದಿನವನದು 15 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 5 ಕಿಲೋಮೀಟರು, ಎಂದರೆ ಸೆಕೆಂಡಿಗೆ 1.39 ಮೀಟರು. ಆದುದರಿಂದ ದಾಟಲು 5.5 ಸೆಕೆಂಡು ಹಿಡಿಯುವುದು. ಅಷ್ಟರಲ್ಲಿ ಅವನು ಸುಮಾರು 23 ಮೀಟರು ಸಾಗಿರುತ್ತಾನೆ. ಮೌಂಟನ್ ಬೈಕಿನ ಹ್ಯಾಂಡಲಿನ ಅಗಲ ಸುಮಾರು 75 ಸೆಂಟಿಮೀಟರು. ಇಬ್ಬರು ಪಕ್ಕಪಕ್ಕದಲ್ಲಿ ಸಾಗಿ, ನಡುವೆ ಅರ್ಧ ಮೀಟರು ಬಿಟ್ಟರೆ 2 ಮೀಟರು ಅಗಲವಾಯಿತು. 23 ಮೀಟರು ಉದ್ದ, 2 ಮೀಟರು ಅಗಲದ ಸಮನೆಲವು ಕಾಲುದಾರಿಯಲ್ಲಿ ಎಲ್ಲಿ ದೊರೆಯಬೇಕು?

ಆದರೆ ಮುಂದಿನವನು ಪಕ್ಕಕ್ಕೆ ಸರಿದು ನಿಂತುಬಿಟ್ಟರೆ? ಆಗ ಬೇಕಾಗುವುದು ಬರಿಯ 7.6 ಮೀಟರು, ಕಾಲ ಎರಡು ಸೆಕೆಂಡಿಗಿಂತ ಕಡಮೆ. ಬೇವಿನ ಮರದ ಬುಡವೋ ಹೊಲದ ಮೂಲೆಯೋ ಸಾಕು. ನಿಲ್ಲದೆ ವೇಗವನ್ನು 5 ಕಿಲೋಮೀಟರಿಗೆ ಇಳಿಸಿದರೂ ಸುಮಾರು 11.4 ಮೀಟರು ಸಾಲುತ್ತದೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ಪರೀಕ್ಷಿಸಲಿ. ನಿಂತವನು ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ಹಿಂದೆ ಹಾಕುವುದು ಹಿಂದಿನವನ ಸಾಹಸವೆಂದು ನಾವು ಭಾವಿಸುತ್ತೇವೆ. ಒಂಟಿಹಾದಿಯಲ್ಲಿ ಅದು ಬಹುಮಟ್ಟಿಗೆ ಮುಂದಿನವನ ಉಪಕಾರ.

ಉಪಕಾರವನ್ನು ಕೇಳುವುದಕ್ಕೂ ಒಂದು ರೀತಿಯುಂಟು. ಕಿವಿಯ ಹತ್ತಿರ ಥಟ್ಟನೆ ಗಂಟೆ ಬಾರಿಸಿದರೆ ಮುಂದಿನವನು ತಲೆ ತಿರುಗಿಸುತ್ತಾನೆ. ತಲೆಯ ಹಿಂದೆ ಹೆಗಲು, ಹೆಗಲ ಹಿಂದೆ ಹ್ಯಾಂಡಲು ಅದೇ ಕಡೆಗೆ ತಿರುಗುವುದು. ಆದುದರಿಂದ ದೂರದಿಂದಲೇ, ಬೆದರಿಸದ ದನಿಯಲ್ಲಿ ತಿಳಿಸಬೇಕು. “ಕಾಕಾ, ಬಲಕ್ಕ ಬರ್ಲಾಕತ್ತೀನ್ರೀ” ಎಂದು ನಮ್ಮ ಕಡೆಯ ಹುಡುಗರು ಹೇಳುವ ಮಾತಿನಲ್ಲಿ ಬೇಕಾದುದೆಲ್ಲವೂ ಇದೆ: ಯಾರೋ ಇದ್ದಾರೆ, ಯಾವ ಕಡೆಯಿಂದ ಬರುತ್ತಾರೆ, ಮರ್ಯಾದೆ ಬಲ್ಲವರು. ಬಳಿಕ ಕಾಯಬೇಕು. ಸ್ಥಳವನ್ನು ಆರಿಸುವ ಹಕ್ಕು ಮುಂದಿನವನದು. ಗುಡ್ಡದ ಓರೆಯಲ್ಲಿ ಸಾಗುವ ದಾರಿಯಾದರೆ ಅವನು ಏರಿನ ಪಕ್ಕಕ್ಕೆ ಸರಿದು ನಿಲ್ಲುವುದೇ ಲೇಸು. ಇಳಿಜಾರಿನ ಪಕ್ಕದಲ್ಲಿ ಕಾಲು ಕೆಳಗಿಟ್ಟರೆ ನೆಲವೇ ಸಿಕ್ಕದೆ ಉರುಳಬಹುದು. ಅಲ್ಲಿ ಎಡಬಲಗಳ ನಿಯಮಕ್ಕಿಂತ ನೆಲದ ವಾಟವೇ ದೊಡ್ಡದೆಂದು ನನ್ನ ಅಭಿಪ್ರಾಯ.

ಏರುವವನು ಮತ್ತು ಇಳಿಯುವವನು ಎದುರಾದರೆ ಇಳಿಯುವವನೇ ನಿಲ್ಲಬೇಕು. ಕಿರಿದಾದ ಘಟ್ಟದ ರಸ್ತೆಗಳಲ್ಲಿ ಮೋಟಾರು ವಾಹನಗಳಿಗೂ ಇದೇ ಕಟ್ಟಳೆ. 1989ರ ಭಾರತದ ರಸ್ತೆ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿತ್ತು. ಕಾರಣವನ್ನು ನೋಡಿರಿ. ಸವಾರನೂ ಸೈಕಲ್ಲೂ ಸೇರಿ 75 ಕಿಲೋಗ್ರಾಮು. ಹತ್ತು ಮೀಟರಿಗೆ ಒಂದು ಮೀಟರು ಏರುವ ದಾರಿ. ವೇಗ ಗಂಟೆಗೆ 6 ಕಿಲೋಮೀಟರು. ಭೂಮಿಯ ಸೆಳೆತವನ್ನು ಗೆಲ್ಲುವುದಕ್ಕೇ ಸುಮಾರು 120 ವ್ಯಾಟು ಸಾಮರ್ಥ್ಯ ಬೇಕು. ಅವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ: ಬಲವಾಗಿ ತುಳಿದರೆ ಮುರುಮಿನ ಮೇಲೆ ಹಿಂಗಾಲಿ ಜಾರುವುದು, ಮೆಲ್ಲನೆ ತುಳಿದರೆ ಸಮತೋಲ ತಪ್ಪುವುದು. ಇಳಿಯುವವನಿಗಾದರೋ ಬ್ರೇಕು ಬಿಟ್ಟರೆ ಸಾಕು, ಭೂಮಿಯೇ ಅವನನ್ನು ಹೊರಡಿಸುತ್ತದೆ.

ಆದರೆ ನಿಲ್ಲುವ ಶಕ್ತಿ ಇಳಿಯುವವನಿಗೆ ಇರಬೇಕಷ್ಟೆ. ಜಂಬಿಟ್ಟಿಗೆ ಶಿಥಿಲವಾಗಿ ಉದುರಿದ ಸಣ್ಣ ಹರಳುಗಳು ಗಟ್ಟಿ ನೆಲದ ಮೇಲೆ ಗೋಲಿಗಳಂತೆ ಉರುಳುತ್ತವೆ. ಅಲ್ಲಿ ಘರ್ಷಣೆಯ ಗುಣಾಂಕ 0.4 ಎಂದು ಹಿಡಿದರೆ, ಗಂಟೆಗೆ 20 ಕಿಲೋಮೀಟರು ವೇಗದವನು ಸಮನೆಲದಲ್ಲಿ ಬ್ರೇಕು ಹಿಡಿದ ಮೇಲೆ 4 ಮೀಟರಿನಲ್ಲಿ ನಿಲ್ಲಬಲ್ಲನು; ಮೇಲೆ ಹೇಳಿದ ಇಳಿಜಾರಿನಲ್ಲಿ 5.3 ಮೀಟರು ಬೇಕು. ಅಪಾಯವನ್ನು ಕಂಡು ಕೈ ಬ್ರೇಕಿಗೆ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಇನ್ನೂ 5.6 ಮೀಟರು ಸಾಗಿರುತ್ತದೆ. ಒಟ್ಟು ಸುಮಾರು 11 ಮೀಟರು. ತಿರುವಿನಾಚೆ ಅಷ್ಟು ದೂರ ಕಾಣದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ತಿರುವಿನಾಚೆ ಬರುತ್ತಿರುವುದು ಸೈಕಲ್ಲೇ ಆಗಬೇಕಿಲ್ಲ. ತಲೆಯ ಮೇಲೆ ಕಟ್ಟಿಗೆ ಹೊತ್ತ ಮುದುಕಿಯಿರಬಹುದು. ಆಕೆ ಪಕ್ಕಕ್ಕೆ ನೆಗೆಯಲಾರಳು.

ಬ್ರೇಕನ್ನು ತಿರುವಿಗೆ ಮೊದಲೇ, ಗಾಲಿ ನೇರವಾಗಿರುವಾಗಲೇ ಹಿಡಿಯಬೇಕು. ನೆಲದ ಹಿಡಿತವು ಒಂದೇ ಬಂಡವಾಳ. ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಅದರಿಂದಲೇ ವೆಚ್ಚವಾಗಬೇಕು. ಇಳಿಯುವಾಗ ಭಾರವು ಮುಂಗಾಲಿಯ ಮೇಲೆ ಬೀಳುವುದರಿಂದ, ಪೆಡಲುಗಳನ್ನು ಸಮಮಟ್ಟದಲ್ಲಿರಿಸಿ, ಸೀಟಿನಿಂದ ಎದ್ದು ಸೊಂಟವನ್ನು ಹಿಂದಕ್ಕೆ ಸರಿಸಬೇಕು. ಹಿಂಗಾಲಿಯನ್ನು ಬಿಗಿದು ಜಾರಿಸಿಕೊಂಡು ಹೋಗುವುದು ನೋಡಲು ವೀರತನ. ಆದರೆ ಆ ಗೀರು ಮಳೆಗಾಲದಲ್ಲಿ ನೀರಿಗೆ ಕಾಲುವೆಯಾಗಿ ದಾರಿಯನ್ನೇ ಕೊರೆಯುತ್ತದೆ. ದಾಟುವ ಆತುರದಲ್ಲಿ ಬದುವಿನಿಂದಿಳಿದು ತೊಗರಿಯ ಸಾಲಿನಲ್ಲಿ ಗಾಲಿ ಹಾಯಿಸುವವನು ಇನ್ನೊಬ್ಬರ ಅನ್ನವನ್ನು ತುಳಿಯುತ್ತಾನೆ.

ಅಭ್ಯಾಸಕ್ಕೆ ಬೆಟ್ಟವೇ ಬೇಕೆಂದಿಲ್ಲ. ಶಾಲೆಯ ಬಯಲಿನಲ್ಲಿ ಒಂದು ಅಡಿ ಅಂತರದ ಎರಡು ಸುಣ್ಣದ ಗೆರೆಗಳನ್ನೆಳೆದು, ಅವುಗಳ ನಡುವೆ ಎಷ್ಟು ನಿಧಾನವಾಗಿ ಸಾಗಬಹುದೆಂದು ನೋಡಬೇಕು. ಕ್ರೀಡಾ ದಿನದ ನಿಧಾನ ಸೈಕಲ್ ಪಂದ್ಯದಲ್ಲಿ ಗೆಲ್ಲುವ ಹುಡುಗನು ಒಂಟಿಹಾದಿಯಲ್ಲಿ ಬೀಳುವುದು ಅಪರೂಪ.

ಮಳೆ ಬಿದ್ದ ಎರೆಯಲ್ಲಿ ಮಾತ್ರ ಯಾವ ಕೌಶಲವೂ ನಡೆಯದು. ಆ ಮಣ್ಣಿನ ಜೇಡಿಕಣಗಳು ಪದರಗಳ ನಡುವೆ ನೀರನ್ನು ಹೀರಿ ಉಬ್ಬಿ ಅಂಟಾಗುತ್ತವೆ. ಟೈರಿಗೆ ಹತ್ತಿದ ಮಣ್ಣಿಗೆ ಮತ್ತಷ್ಟು ಮಣ್ಣು ಹತ್ತಿ, ಕೆಲವೇ ಸುತ್ತುಗಳಲ್ಲಿ ಫೋರ್ಕಿನ ಸಂದು ತುಂಬಿ ಗಾಲಿ ನಿಲ್ಲುವುದು. ಔರಾದದ ಕಡೆ ಶ್ರಾವಣದಲ್ಲಿ ಹೋದವರು ಕಂಡಿರಬಹುದು: ಹುಡುಗನು ಕಡ್ಡಿಯಿಂದ ಮಣ್ಣು ಕೆರೆದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಬದುವಿನ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತ ಊರ ಕಡೆಗೆ ನಡೆಯುತ್ತಿರುತ್ತಾನೆ.