ಎಕರೆ–ಗುಂಟೆ, ಸರ್ವೆ ನಂಬರ್ ಮತ್ತು ದತ್ತಾಂಶದ ಬಗೆ: ನೋ-ಕೋಡ್ ಸ್ವಯಂಚಾಲನೆಯಲ್ಲಿನ ದೋಷಗಳನ್ನು ಸರಿಪಡಿಸುವ ಕ್ರಮ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಗಣಕಯಂತ್ರ ನಿರ್ವಾಹಕರ ಅಭ್ಯಾಸಕ್ಕಾಗಿ)

ಗೂಗಲ್ ಫಾರಂ ಮೂಲಕ ವಿವರ ಪಡೆದು, ಶೀಟಿಗೆ ಇಳಿಸಿ, ಆಪ್‌ಶೀಟ್ ಅಥವಾ ಪವರ್ ಆಟೋಮೇಟ್‌ನಂತಹ ಸಾಧನದಿಂದ ಫಲಾನುಭವಿಗಳ ಪಟ್ಟಿ ಸಿದ್ಧಪಡಿಸಲು ಈಗ ಪ್ರೋಗ್ರಾಂ ಬರೆಯಬಲ್ಲವರೇ ಬೇಕೆಂದಿಲ್ಲ. ಆದರೆ ಪ್ರೋಗ್ರಾಂ ಬರೆಯುವವರು ಮೊದಲು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಈ ಕಾಲಂನಲ್ಲಿರುವುದು ಸಂಖ್ಯೆಯೋ, ಪಠ್ಯವೋ, ದಿನಾಂಕವೋ? ಅದನ್ನು ನಾವು ನಿರ್ಧರಿಸದಿದ್ದರೆ ಯಂತ್ರವೇ ಊಹಿಸಿಕೊಳ್ಳುತ್ತದೆ. ಊಹೆ ತಪ್ಪಿ ಕೆಲಸ ನಿಂತು ಕೆಂಪು ಸಂದೇಶ ಬಂದರೆ ಅದು ಅದೃಷ್ಟವೇ ಸರಿ. ಸದ್ದಿಲ್ಲದೆ ಮುಂದುವರಿಯುವ ತಪ್ಪೇ ರೈತನಿಗೆ ಹಾನಿ ಮಾಡುವಂಥದ್ದು.

ಪಹಣಿಯಲ್ಲಿನ ವಿಸ್ತೀರ್ಣವನ್ನೇ ನೋಡೋಣ. 2.20 ಎಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ ಇರುವುದರಿಂದ ಇದು ಎರಡೂವರೆ ಎಕರೆ. ಇಲ್ಲಿನ ಚುಕ್ಕೆ ದಶಮಾಂಶ ಬಿಂದುವಲ್ಲ, ಎರಡು ಅಳತೆಗಳ ನಡುವಿನ ಗೆರೆ ಮಾತ್ರ. ಯಂತ್ರಕ್ಕೆ ಇದು ತಿಳಿಯದು. ಸಂಖ್ಯೆಯೆಂದು ಭಾವಿಸಿ ಕೊನೆಯ ಸೊನ್ನೆಯನ್ನು ಬಿಟ್ಟು 2.2 ಎಂದು ತೋರಿಸುತ್ತದೆ. ಮುಂದೆ ಓದುವವರು ಅದನ್ನು 2 ಗುಂಟೆಯೆಂದೂ ತಿಳಿಯಬಹುದು. ಒಬ್ಬ ರೈತನಿಗೆ 2.20 ಮತ್ತು 1.30 ವಿಸ್ತೀರ್ಣದ ಎರಡು ತಾಕುಗಳಿವೆ ಎನ್ನಿ. ಯಂತ್ರದ ಮೊತ್ತ 3.5, ಅಂದರೆ ಮೂರೂವರೆ ಎಕರೆ. ನಿಜವಾದ ಮೊತ್ತ 100 ಮತ್ತು 70 ಸೇರಿ 170 ಗುಂಟೆ, ಅಂದರೆ 4 ಎಕರೆ 10 ಗುಂಟೆ. ಮೂವತ್ತು ಗುಂಟೆ ಜಮೀನು ಲೆಕ್ಕದಿಂದಲೇ ಮಾಯ! ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ: ಜಮೀನು ಇರುವುದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ. ಬೆಳೆಹಾನಿ ಪರಿಹಾರದಂತೆ ವಿಸ್ತೀರ್ಣವನ್ನು ಅನುಸರಿಸುವ ಮೊತ್ತ ಇದರಿಂದ ಕುಗ್ಗುತ್ತದೆ. ಒಂದು ಹೆಕ್ಟೇರ್ ಸುಮಾರು 2.47 ಎಕರೆಯಾದ ಕಾರಣ, ಎರಡೂವರೆ ಎಕರೆಯ ಸಣ್ಣ ರೈತ 2.2 ಎಂಬ ಅಂಕಿಯಿಂದ ಅತಿ ಸಣ್ಣ ರೈತರ ವರ್ಗಕ್ಕೆ ಸೇರಿಬಿಡುತ್ತಾನೆ.

ಪರಿಹಾರ ಸರಳ. ಫಾರಂನಲ್ಲಿಯೇ ಎಕರೆ ಮತ್ತು ಗುಂಟೆಗೆ ಪ್ರತ್ಯೇಕ ಕಾಲಂಗಳಿರಲಿ, ಎರಡೂ ಪೂರ್ಣಾಂಕವಾಗಿರಲಿ, ಗುಂಟೆ 39ನ್ನು ಮೀರದಂತೆ ಮಿತಿಯಿರಲಿ. ಎಕರೆಯನ್ನು 40ರಿಂದ ಗುಣಿಸಿ ಗುಂಟೆಯನ್ನು ಕೂಡಿದ ಮೂರನೆಯ ಕಾಲಂನಿಂದಲೇ ಎಲ್ಲ ಲೆಕ್ಕ ನಡೆಯಲಿ.

ಸರ್ವೆ ನಂಬರಿನ ತೊಂದರೆ ಬೇರೆ ಬಗೆಯದು. 12/3 ಎಂದು ನಮೂದಿಸಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ಓದುತ್ತದೆ; 45/2 ಅಥವಾ 104/1ಎ ದಿನಾಂಕವಾಗಲಾರದ್ದರಿಂದ ಪಠ್ಯವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಾಲಂನಲ್ಲಿ ಎರಡು ಬಗೆಗಳು ಬೆರೆಯುತ್ತವೆ. ಕೆಲವು ಸರ್ವೆ ನಂಬರುಗಳು ಮಾತ್ರ ಇನ್ನೊಂದು ಪಟ್ಟಿಗೆ ತಾಳೆಯಾಗುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. 2024ರಲ್ಲಿ ನಮೂದಾದ 12/3ನ್ನು ಆಮೇಲೆ ಪಠ್ಯವಾಗಿ ಬದಲಿಸಿದರೆ 45363 ಎಂಬ ಅಂಕಿ ಕಾಣಿಸುತ್ತದೆ. ಅದು ಆ ದಿನಾಂಕದ ಒಳಗಿನ ಎಣಿಕೆ. (ಇದು ನಮ್ಮ ಕಚೇರಿಗಳ ಕಷ್ಟ ಮಾತ್ರವಲ್ಲ. ಎಕ್ಸೆಲ್ ದಿನಾಂಕವೆಂದು ಓದುತ್ತಿದ್ದ ಕೆಲವು ಮಾನವ ವಂಶವಾಹಿಗಳ ಹೆಸರುಗಳನ್ನೇ ವಿಜ್ಞಾನಿಗಳು ಬದಲಿಸಬೇಕಾಯಿತು. 2020ರಲ್ಲಿ ಅದಕ್ಕೆ ಮಾರ್ಗಸೂಚಿಯೂ ಪ್ರಕಟವಾಯಿತು.)

ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್, ಮೊಬೈಲ್ ಇವುಗಳನ್ನು ನಾವು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಆದುದರಿಂದ ಇವು ಅಂಕಿಗಳಲ್ಲಿದ್ದರೂ ಪಠ್ಯವೇ. ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆಗಳು ಅಳಿಯುತ್ತವೆ. 15 ಅಂಕಿಗಳಾಚೆ ಎಕ್ಸೆಲ್ ಸೊನ್ನೆಯನ್ನೇ ತುಂಬುವುದರಿಂದ 16 ಅಂಕಿಗಳ ಖಾತೆಯ ಕೊನೆಯ ಅಂಕಿ ನಾಶವಾಗುತ್ತದೆ. ಆಮೇಲೆ ಕಾಲಂನ ಬಗೆಯನ್ನು ಬದಲಿಸಿದರೆ ಕಳೆದ ಅಂಕಿ ಮರಳದು. ಮೂಲ ಅರ್ಜಿಯನ್ನೇ ನೋಡಿ ಮತ್ತೆ ನಮೂದಿಸತಕ್ಕದ್ದು.

ದಿನಾಂಕದಲ್ಲಿ 05-06 ಎಂಬುದು ಜೂನ್ 5 ಆಗಿರಬಹುದು, ಮೇ 6 ಆಗಿರಬಹುದು. ಶೀಟ್ ಮತ್ತು ಆಪ್ ಎರಡರಲ್ಲೂ ಪ್ರದೇಶವನ್ನು ಭಾರತ ಎಂದೇ ಆಯ್ಕೆ ಮಾಡಿರಬೇಕು. ಗ್ರಾಮದ ಹೆಸರನ್ನು ಕೈಯಿಂದ ಬರೆಸುವ ಬದಲು ಪಟ್ಟಿಯಿಂದ ಆರಿಸುವಂತೆ ಮಾಡಿ, ಒಳಗೆ ಗ್ರಾಮ ಸಂಕೇತವನ್ನು ಇಡುವುದು ಮೇಲು. ಆಪ್‌ಶೀಟ್‌ನಲ್ಲಿ ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುವ ಕಾಲಂ ಬಯಸುವುದು ಆ ಕೋಷ್ಟಕದ ಕೀಲಿಯನ್ನು, ಓದಲು ಚೆನ್ನಾಗಿರುವ ಹೆಸರನ್ನಲ್ಲ.

ದೋಷ ಕಂಡಾಗ ಮೊದಲು ಸ್ವಯಂಚಾಲನೆಯನ್ನು ನಿಲ್ಲಿಸಿ, ಶೀಟಿನ ಪ್ರತಿಯೊಂದನ್ನು ತೆಗೆದಿಡಿ. ನಂತರ ಮೂಲ ಫಾರಂನಿಂದ ಆರಂಭಿಸಿ ಪ್ರತಿ ಹಂತದಲ್ಲಿಯೂ ಸದರಿ ಕಾಲಂನ ಬಗೆ ಏನಿದೆಯೆಂದು ನೋಡುತ್ತ ಬನ್ನಿ. ಬಗೆ ಎಲ್ಲಿ ಬದಲಾಯಿತೋ ಅಲ್ಲಿಯೇ ತಿದ್ದಿ. ಮರಳಿ ಚಾಲನೆಗೊಳಿಸುವ ಮುನ್ನ 2 ಎಕರೆ 20 ಗುಂಟೆ, ಸರ್ವೆ ನಂಬರ್ 12/3 ಮತ್ತು ಸೊನ್ನೆಯಿಂದ ಆರಂಭವಾಗುವ ಒಂದು ಕಲ್ಪಿತ ಖಾತೆ ಸಂಖ್ಯೆ ಇರುವ ಪರೀಕ್ಷಾ ಸಾಲನ್ನು ಕಳುಹಿಸಿ, ಮೂರೂ ಕೊನೆಯ ಪಟ್ಟಿಯಲ್ಲಿ ಹಾಗೆಯೇ ಬಂದಿವೆಯೇ ಎಂದು ಪರಿಶೀಲಿಸುವುದು.