ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ನಿಮ್ಮ ದಾಖಲೆ: ಕೇಳಿ ಪಡೆಯುವುದು ಹೇಗೆ?

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿಕೊಂಡ ಅಮ್ಮ ಈಗ ಪುಣೆಯಲ್ಲಿ ನಿಮ್ಮ ಜೊತೆಗಿದ್ದಾರೆ ಎಂದಿಟ್ಟುಕೊಳ್ಳಿ. ಇಲ್ಲಿನ ಡಾಕ್ಟರು ಹಳೆಯ ಪೇಪರ್ ಕೇಳುತ್ತಾರೆ. ನಿಮ್ಮ ಕೈಯಲ್ಲಿರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದು ಬರೀ ಸಾರಾಂಶ. ಯಾವ ಔಷಧಿಯನ್ನು ಯಾವಾಗ ಕೊಟ್ಟರು, ಅರಿವಳಿಕೆ ಕೊಟ್ಟಾಗ ಬಿ.ಪಿ. ಏನಾಯಿತು ಎಂಬ ವಿವರ ಇರುವುದು ಕೇಸ್ ಶೀಟಿನಲ್ಲಿ.

"ಅದೆಲ್ಲ ಸಿಸ್ಟಂನಲ್ಲಿದೆ, ಹೊರಗೆ ಕೊಡಲು ಬರುವುದಿಲ್ಲ" ಎಂದರೆ ಸುಮ್ಮನೆ ವಾಪಸ್ ಬರಬೇಡಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿರಾಕರಿಸುವುದು ವೈದ್ಯರ ವೃತ್ತಿ ದುರ್ನಡತೆ. ಆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಎಲೆಕ್ಟ್ರಾನಿಕ್ ದಾಖಲೆ ಮಾನದಂಡಗಳೂ ಮಾಹಿತಿಯ ಒಡೆಯ ರೋಗಿಯೇ, ಆಸ್ಪತ್ರೆ ಅದನ್ನು ಕಾಯುವವನು ಮಾತ್ರ ಎನ್ನುತ್ತವೆ. ಆದರೆ ಅವು ಮಾನದಂಡ, ಶಿಕ್ಷೆ ಇರುವ ಕಾನೂನಲ್ಲ. ಹಾಗಾಗಿ ಅರ್ಜಿಯಲ್ಲಿ 2002ರ ನಿಯಮವನ್ನೇ ಬರೆಯಿರಿ.

ಬಾಯಿಮಾತಿನಲ್ಲಿ ಕೇಳಿದರೆ 72 ಗಂಟೆಯ ಲೆಕ್ಕ ಯಾವಾಗ ಶುರುವಾಯಿತೆಂದು ತೋರಿಸಲು ಆಗುವುದಿಲ್ಲ. ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ; ದೂರದಲ್ಲಿದ್ದರೆ ಇ-ಮೇಲ್ ಮಾಡಿ. "ಎಲ್ಲಾ ದಾಖಲೆ" ಎಂದು ಬರೆದರೆ ಮತ್ತೆ ಸಮ್ಮರಿಯನ್ನೇ ಕೊಟ್ಟು ಕಳಿಸಬಹುದು. ಕೇಸ್ ಶೀಟ್, ಆಪರೇಷನ್ ನೋಟ್ಸ್, ಅರಿವಳಿಕೆ ಚಾರ್ಟ್, ನರ್ಸಿಂಗ್ ಚಾರ್ಟ್, ಲ್ಯಾಬ್ ರಿಪೋರ್ಟ್ ಎಂದು ಹೆಸರು ಹೇಳಿ ಕೇಳಿ. ಎಂ.ಆರ್.ಐ., ಸಿ.ಟಿ. ಇದ್ದರೆ ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಡೈಕಾಮ್ ಫೈಲ್ ಬೇಕೆನ್ನಿ. ಫಿಲ್ಮಿನ ಮೊಬೈಲ್ ಫೋಟೋ ನೋಡಿ ಯಾವ ಡಾಕ್ಟರೂ ಸರಿಯಾಗಿ ಹೇಳಲಾರರು. ಜೆರಾಕ್ಸ್ ಖರ್ಚು ಕೇಳಿದರೆ ಕೊಡಿ, ರಸೀದಿ ಪಡೆಯಿರಿ. ಅಮ್ಮನ ಪರವಾಗಿ ನೀವು ಕೇಳುವಾಗ ಅವರ ಸಹಿ ಇರುವ ಅಧಿಕಾರ ಪತ್ರ, ಜೊತೆಗೆ ಇಬ್ಬರ ಗುರುತಿನ ಚೀಟಿ ಇರಲಿ.

"ಆಭಾ ಕಾರ್ಡ್ ಇದೆಯಲ್ಲ, ಎಲ್ಲ ಅದರಲ್ಲೇ ಬರುತ್ತದೆ" ಎಂದು ಹಲವರು ನಂಬಿದ್ದಾರೆ. ಆಭಾ 14 ಅಂಕಿಯ ಒಂದು ಗುರುತಿನ ಸಂಖ್ಯೆ ಅಷ್ಟೇ. ದಾಖಲೆ ಆಸ್ಪತ್ರೆಯಲ್ಲೇ ಇರುತ್ತದೆ. ಆ ಆಸ್ಪತ್ರೆ ಅದನ್ನು ನಿಮ್ಮ ಸಂಖ್ಯೆಗೆ ಜೋಡಿಸಿದ್ದರೆ ಮಾತ್ರ ಆ್ಯಪ್‌ನಲ್ಲಿ ಕಾಣುತ್ತದೆ.

ಇನ್ನೊಂದು ವಿಷಯ. 2002ರ ನಿಯಮದಂತೆ ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಮಾತ್ರ. ಅಮ್ಮನ ಆಪರೇಷನ್ ಆಗಿ ಎರಡೂವರೆ ವರ್ಷ ದಾಟಿದ್ದರೆ ಅರ್ಜಿಯನ್ನು ಈ ವಾರವೇ ಕಳಿಸಿ.