ಬಾಣದ ಒಡಲಿನ ಒತ್ತಡ

ಗಂಜಾಮಿನ ಗುಂಬಜನ್ನೂ ಸಮೀಪದ ದರಿಯಾ ದೌಲತ್ತನ್ನೂ ನೋಡದೆ ಶ್ರೀರಂಗಪಟ್ಟಣದಿಂದ ಹಿಂದಿರುಗುವವರು ವಿರಳ. ದರಿಯಾ ದೌಲತ್ತಿನ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವುಂಟು. ಆ ಯುದ್ಧದಲ್ಲಿ ಮೈಸೂರಿನ ಪಡೆ ‘ಬಾಣ’ಗಳನ್ನು, ಎಂದರೆ ರಾಕೆಟ್ಟುಗಳನ್ನು, ಪ್ರಯೋಗಿಸಿತು. ಜಾತ್ರೆಯ ಬಾಣಬಿರುಸುಗಳಲ್ಲಿ ಆ ಹೆಸರು ಇನ್ನೂ ಉಳಿದಿದೆ. ಮೈಸೂರಿನ ಬಾಣಕ್ಕೆ ಅಷ್ಟು ಬಲ ಎಲ್ಲಿಂದ ಬಂದಿತೆಂಬುದೇ ಇಲ್ಲಿ ವಿಚಾರಮಾಡತಕ್ಕ ವಿಷಯ.

ಪೆಟ್ಲುಪ್ಪು, ಇದ್ದಲು, ಗಂಧಕ ಸೇರಿದ ಮದ್ದು ಮುಚ್ಚಿದ ಕೊಳವೆಯಲ್ಲಿ ಉರಿದಾಗ ಬಿಸಿ ಅನಿಲ ಹುಟ್ಟುತ್ತದೆ. ಹೊರಹೋಗಲು ಕಿರಿದಾದ ಒಂದೇ ಕಂಠವಿರುವುದರಿಂದ ಒಳಗೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಮದ್ದು ಇನ್ನೂ ಬೇಗ ಉರಿಯುತ್ತದೆ. ಹುಟ್ಟುವ ಅನಿಲವೂ ಹೊರಹೋಗುವ ಅನಿಲವೂ ಸಮನಾದಾಗ ಒತ್ತಡ ನೆಲೆಗೊಳ್ಳುತ್ತದೆ. ಈ ಒತ್ತಡವನ್ನು ಕಂಠದ ವಿಸ್ತೀರ್ಣದಿಂದಲೂ, ಕಂಠದ ಆಕಾರವನ್ನು ಅವಲಂಬಿಸಿದ ಒಂದು ಗುಣಾಂಕದಿಂದಲೂ ಗುಣಿಸಿದರೆ ನೂಕುಬಲ ದೊರೆಯುತ್ತದೆ. ಆದುದರಿಂದ ಬಾಣದ ಬಲವೆಂದರೆ ಬಹುಮಟ್ಟಿಗೆ ಅದರ ಒಡಲು ತಾಳಬಲ್ಲ ಒತ್ತಡವೇ.

ಮೈಸೂರಿನವರು ಕಾಗದಕ್ಕೂ ಬಿದಿರಿಗೂ ಬದಲಾಗಿ ಕಬ್ಬಿಣದ ಕೊಳವೆಯನ್ನು ಬಳಸಿದರು. ಇಂಗ್ಲೆಂಡಿನ ವುಲ್ವಿಚ್ಚಿನಲ್ಲಿ ಉಳಿದುಬಂದ ಒಂದು ಮಾದರಿಯ ವ್ಯಾಸ 58 ಮಿ.ಮೀ., ಉದ್ದ 254 ಮಿ.ಮೀ. ಎಂದು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ತಮ್ಮ ಅಧ್ಯಯನದಲ್ಲಿ ತಿಳಿಸಿದ್ದಾರೆ. ಉದಾಹರಣೆಗೆ ಅಷ್ಟೇ ವ್ಯಾಸದ ಕೊಳವೆಯ ಗೋಡೆಯ ದಪ್ಪ 3 ಮಿ.ಮೀ. ಎಂದಿಟ್ಟುಕೊಳ್ಳೋಣ. ಒಳಗಿನ ಒತ್ತಡ ಎಷ್ಟಿದ್ದರೂ, ಗೋಡೆಯನ್ನು ಸೀಳಲು ಎಳೆಯುವ ಬಿಗಿತ ಅದರ ಸುಮಾರು ಹತ್ತರಷ್ಟಾಗುತ್ತದೆ. ಅದನ್ನು ತಾಳುವುದರಲ್ಲಿ ಕಬ್ಬಿಣಕ್ಕೆ ಕಾಗದ ಸಾಟಿಯಲ್ಲ.

ಇಂದು ಹವ್ಯಾಸಕ್ಕಾಗಿ ರಾಕೆಟ್ ಕಟ್ಟುವವರು ಈ ಒತ್ತಡವನ್ನು ಹಾರಾಟದಲ್ಲಿಯೇ ಅಳೆಯುತ್ತಾರೆ. ಮೋಟಾರಿನ ಮುಂಭಾಗದ ಮುಚ್ಚಳದಲ್ಲಿ ಸಣ್ಣ ರಂಧ್ರ ಕೊರೆದು, ಅದರ ಹಿಂದೆ ಒತ್ತಡದ ಸೆನ್ಸಾರ್ ಕೂರಿಸುತ್ತಾರೆ. ಬೆಂಕಿ ಸೆನ್ಸಾರಿಗೆ ನೇರವಾಗಿ ತಗಲಬಾರದು. ಅದಕ್ಕಾಗಿ ರಂಧ್ರದಲ್ಲಿ ಸಿಲಿಕೋನ್ ಗ್ರೀಸ್ ತುಂಬುತ್ತಾರೆ. ಗ್ರೀಸು ಒತ್ತಡವನ್ನು ದಾಟಿಸುತ್ತದೆ, ಶಾಖವನ್ನು ತಡೆಯುತ್ತದೆ. ಅನಿಲ ಸೋರದಂತೆ ರಬ್ಬರಿನ ಬಳೆ ಬೇಕು. ಉರಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಡೇಟಾ ಲಾಗರ್ ಸೆಕೆಂಡಿಗೆ ನೂರಾರು ಸಲ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ಹಾರಿಸುವ ಮುನ್ನ, ಗೊತ್ತಿರುವ ಒತ್ತಡವನ್ನು ಕೊಟ್ಟು ಸೆನ್ಸಾರನ್ನು ಪರೀಕ್ಷಿಸುವುದು ಅವಶ್ಯ. ಇದು ಬಲ್ಲವರ ಮೇಲ್ವಿಚಾರಣೆಯಲ್ಲಿ, ಅನುಮತಿ ಪಡೆದು ಮಾಡತಕ್ಕ ಕೆಲಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ದೊರೆತ ರೇಖೆಯನ್ನು ವೈದ್ಯನು ನಾಡಿ ನೋಡುವಂತೆ ಓದಬಹುದು. ನಡುವೆ ಒತ್ತಡ ಥಟ್ಟನೆ ಏರಿದ್ದರೆ ಮದ್ದಿನಲ್ಲಿ ಬಿರುಕು ಬಿಟ್ಟು ಉರಿಯುವ ಮೈ ಹೆಚ್ಚಿರಬಹುದು, ಇಲ್ಲವೆ ಕಂಠ ಕಟ್ಟಿಕೊಂಡಿರಬಹುದು. ನಿರೀಕ್ಷೆಗಿಂತ ಮೊದಲೇ ಇಳಿಯುತ್ತ ಹೋದರೆ ಕಂಠ ಸವೆದು ಅಗಲವಾಗಿರಬಹುದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬಾಣಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗಗಳನ್ನು ನಡೆಸಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು. 1813ರಲ್ಲಿ ವಿಲಿಯಂ ಮೂರ್ ರಾಕೆಟ್ಟಿನ ಚಲನೆಯ ಗಣಿತವನ್ನು ಗ್ರಂಥವಾಗಿ ಪ್ರಕಟಿಸಿದನು. ನಮ್ಮ ಕಮ್ಮಾರರ ಅರಿವು ಕೈಯಲ್ಲಿತ್ತು. ಅವರದು ಅಳತೆಯಾಗಿ, ಬರಹವಾಗಿ ಬೆಳೆಯಿತು. ಕೈಯ ಅರಿವು ಕೈಯೊಡನೆ ಹೋಗುತ್ತದೆ; ಬರೆದಿಟ್ಟ ಅಳತೆ ಮುಂದಿನವರಿಗೆ ಮೆಟ್ಟಿಲಾಗುತ್ತದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಮಿಕ್ಕಿದ ಬಾಣಗಳು ದೊರೆತವು. ಅವುಗಳ ಕಂಠ, ಗೋಡೆ, ಉದ್ದಗಳನ್ನು ಅಳೆದರೆ ಆ ಒಡಲು ತಾಳುತ್ತಿದ್ದ ಒತ್ತಡವನ್ನು ಲೆಕ್ಕಹಾಕಬಹುದು. ಇತಿಹಾಸದ ವಿದ್ಯಾರ್ಥಿಯೂ ಭೌತಶಾಸ್ತ್ರದ ವಿದ್ಯಾರ್ಥಿಯೂ ಒಂದೇ ಮೇಜಿನ ಮುಂದೆ ಕುಳಿತು ಮಾಡಬೇಕಾದ ಕೆಲಸವಿದು. ಅಭಿಮಾನಕ್ಕೆ ಅಳತೆಯೂ ಜೊತೆಯಾದರೆ ಆ ಕಮ್ಮಾರರ ಋಣ ಸ್ವಲ್ಪಮಟ್ಟಿಗಾದರೂ ತೀರೀತು.